ರೀಬೂಟ್ ಆದ ಮೇಲೆ ಫೈಲುಗಳು ಎಲ್ಲಿ ಹೋದವು?

ಬೋಧನಾಭ್ಯಾಸದ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ‘ಚಲನೆ’ ಪಾಠದ ಘಟಕ ಪರೀಕ್ಷೆಯನ್ನು ಕಂಪ್ಯೂಟರ್ ಲ್ಯಾಬಿನಲ್ಲಿ ನಡೆಸಿದೆ. ಉಬುಂಟು ಹಾಕಿದ್ದ ಒಂದು ಕಂಪ್ಯೂಟರೇ ನಮ್ಮ ಸರ್ವರ್. ನಾನು ಬರೆದ ಪುಟ್ಟ ಕ್ವಿಜ್ ಅಪ್ಲಿಕೇಷನ್ ಅದರಲ್ಲಿತ್ತು. ಮಕ್ಕಳು ಉಳಿದ ಕಂಪ್ಯೂಟರುಗಳಲ್ಲಿ ಬ್ರೌಸರ್ ತೆರೆದು ಉತ್ತರಿಸಿದರು. ಮರುದಿನ ಬೆಳಿಗ್ಗೆ ಸರ್ವರ್ ಆನ್ ಮಾಡಿದರೆ ಅಪ್ಲಿಕೇಷನ್ನೂ ಇಲ್ಲ, ಮಕ್ಕಳ ಉತ್ತರಗಳೂ ಇಲ್ಲ.

ಹಿಂದಿನ ಸಂಜೆ ಸರ್ವರ್ ಆಫ್ ಮಾಡಿದವನು ಒಬ್ಬ ವಿದ್ಯಾರ್ಥಿ. ಮಾಡಲು ಹೇಳಿದವನು ನಾನೇ. ಆದರೂ ಎಲ್ಲರೆದುರು “ಏನು ಒತ್ತಿದೆಯೋ?” ಎಂದು ಕೇಳಿಬಿಟ್ಟೆ. “ನೀವು ಹೇಳಿದ್ದಷ್ಟೇ ಸಾರ್” ಎಂದವನು ಆ ಪೀರಿಯಡ್ ಮುಗಿಯುವವರೆಗೂ ತಲೆ ಎತ್ತಲಿಲ್ಲ.

ತಪ್ಪು ನನ್ನದೇ ಎಂದು ಸಂಜೆ ತಿಳಿಯಿತು. ಬೇರೆ ಫೋಲ್ಡರುಗಳಲ್ಲಿ ಬರೆಯಲು ಅನುಮತಿ ಇಲ್ಲವೆಂದು ಸರ್ವರ್ ಹೇಳಿದಾಗ, ಯಾರು ಬೇಕಾದರೂ ಬರೆಯಬಹುದಾದ ‘ಟಿಎಂಪಿ’ ಫೋಲ್ಡರಿನಲ್ಲಿ ಎಲ್ಲವನ್ನೂ ಇಟ್ಟಿದ್ದೆ. ಆ ಹೆಸರಿನ ಅರ್ಥವೇ ‘ತಾತ್ಕಾಲಿಕ’. ಉಬುಂಟು ಪ್ರತಿ ಬಾರಿ ಬೂಟ್ ಆಗುವಾಗ ಅದನ್ನು ಖಾಲಿ ಮಾಡುತ್ತದೆ. ತರಗತಿಯ ಕಪ್ಪುಹಲಗೆಯಂತೆ: ಮುಂದಿನ ಪೀರಿಯಡ್ಡಿನವರು ಒರೆಸುತ್ತಾರೆ, ಒರೆಸಿದವರದು ತಪ್ಪಲ್ಲ. ಕೆಲವು ವ್ಯವಸ್ಥೆಗಳಲ್ಲಿ ಈ ಫೋಲ್ಡರ್ ಡಿಸ್ಕಿನಲ್ಲೇ ಇರದೆ ರ್‍ಯಾಮ್‌ನಲ್ಲಿರುತ್ತದೆ. ಆಗ ವಿದ್ಯುತ್ ಹೋದ ಕ್ಷಣವೇ ಎಲ್ಲವೂ ಹೋಗುತ್ತದೆ.

ಎರಡನೇ ಸಲ ಅಪ್ಲಿಕೇಷನ್ನನ್ನು ಅದೇ ಕಂಪ್ಯೂಟರಿನ ಎರಡನೇ ಹಾರ್ಡ್ ಡಿಸ್ಕಿಗೆ ಹಾಕಿದೆ. ರೀಬೂಟ್ ಮಾಡಿದೆ. ಫೋಲ್ಡರ್ ಮತ್ತೆ ಖಾಲಿ! ಈ ಸಲ ಯಾರನ್ನೂ ಕೇಳಲಿಲ್ಲ, ಸರ್ವರನ್ನೇ ಕೇಳಿದೆ. ‘ಎಲ್‌ಎಸ್‌ಬಿಎಲ್‌ಕೆ’ ಕಮಾಂಡ್ ಕೊಟ್ಟಾಗ ಡಿಸ್ಕ್ ಇರುವುದು ಕಂಡಿತು, ಆದರೆ ಅದು ಯಾವ ಫೋಲ್ಡರಿಗೂ ಜೋಡಣೆಯಾಗಿರಲಿಲ್ಲ. ಮೊದಲ ದಿನ ನಾನು ಕೈಯಾರೆ ‘ಮೌಂಟ್’ ಮಾಡಿದ್ದೆ. ಆ ಜೋಡಣೆ ರೀಬೂಟ್ ಆಗುವವರೆಗೆ ಮಾತ್ರ. ಮತ್ತೆ ಮೌಂಟ್ ಮಾಡಿದೊಡನೆ ಫೈಲುಗಳೆಲ್ಲ ಬಂದವು. ಪುಸ್ತಕಗಳು ಬೀರುವಿನಲ್ಲೇ ಇದ್ದವು, ಬಾಗಿಲು ತೆರೆದಿರಲಿಲ್ಲ ಅಷ್ಟೇ.

ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ: ಫೈಲು ಅಳಿದಿದೆಯೋ, ಕಾಣುತ್ತಿಲ್ಲವೋ? ಖಾಲಿ ಫೋಲ್ಡರ್ ಕಂಡ ಗಾಬರಿಯಲ್ಲಿ ಅಲ್ಲೇ ಹೊಸದಾಗಿ ಬರೆಯಬಾರದು. ಬರೆದರೆ, ಡಿಸ್ಕ್ ಮತ್ತೆ ಅದೇ ಜಾಗಕ್ಕೆ ಮೌಂಟ್ ಆದಾಗ ಹೊಸ ಫೈಲುಗಳು ಅದರ ಅಡಿಯಲ್ಲಿ ಮರೆಯಾಗುತ್ತವೆ, ಗೊಂದಲ ಎರಡಾಗುತ್ತದೆ.

ಶಾಶ್ವತ ಪರಿಹಾರ ‘ಎಫ್‌ಎಸ್‌ಟ್ಯಾಬ್’ ಎಂಬ ಫೈಲಿನಲ್ಲಿದೆ. ಯಾವ ಡಿಸ್ಕ್ ಯಾವ ಫೋಲ್ಡರಿಗೆ ಸೇರಬೇಕೆಂದು ಅಲ್ಲಿ ಒಂದು ಸಾಲು ಬರೆದರೆ, ಬೂಟ್ ಆಗುವಾಗ ಸರ್ವರ್ ತಾನೇ ಜೋಡಿಸಿಕೊಳ್ಳುತ್ತದೆ. ‘ಎಸ್‌ಡಿಬಿ’ಯಂಥ ಹೆಸರುಗಳು ಬದಲಾಗಬಹುದಾದ್ದರಿಂದ ಡಿಸ್ಕಿನ ಯುಯುಐಡಿ ಸಂಖ್ಯೆಯನ್ನೇ ಬರೆಯಬೇಕು. ಆ ಸಾಲು ತಪ್ಪಿದ್ದರೆ ಸರ್ವರ್ ಬೂಟ್ ಆಗದೆ ನಿಲ್ಲಬಹುದು. ಆದ್ದರಿಂದ ರೀಬೂಟಿಗೆ ಮುಂಚೆ ‘ಮೌಂಟ್ -ಎ’ ಕೊಟ್ಟು ಪರೀಕ್ಷಿಸಬೇಕು. ಇನ್ನೊಂದು ಸಾಧ್ಯತೆಯೂ ಇದೆ: ಕೆಲವು ಲ್ಯಾಬುಗಳಲ್ಲಿ ಪ್ರತಿ ರೀಬೂಟಿಗೂ ಕಂಪ್ಯೂಟರನ್ನು ಹಳೆಯ ಸ್ಥಿತಿಗೆ ತರುವ ತಂತ್ರಾಂಶ ಹಾಕಿರುತ್ತಾರೆ. ಅದರ ಬಗ್ಗೆ ಲ್ಯಾಬ್ ನೋಡಿಕೊಳ್ಳುವವರನ್ನು ಮೊದಲೇ ವಿಚಾರಿಸಿ.

ಮೊದಲ ಪರೀಕ್ಷೆಯ ಉತ್ತರಗಳು ಸಿಗಲಿಲ್ಲ. ಮಕ್ಕಳು ಮತ್ತೆ ಬರೆಯಬೇಕಾಯಿತು. ಅದಕ್ಕೆ ಮುಂಚೆ, ಎಲ್ಲರೆದುರು ಕೇಳಿದ್ದ ಮಾತಿಗೆ ಎಲ್ಲರೆದುರೇ ಆ ಹುಡುಗನ ಕ್ಷಮೆ ಕೇಳಿದೆ. ಬಳಿಕ ಅವನಿಂದಲೇ ಸರ್ವರ್ ರೀಬೂಟ್ ಮಾಡಿಸಿದೆ. ಫೈಲುಗಳು ಇದ್ದಲ್ಲೇ ಇದ್ದವು.

ಈಗ ನನ್ನ ಪಾಠಯೋಜನೆಯಲ್ಲಿ ಬೋಧನೋಪಕರಣಗಳ ಪಕ್ಕ ಒಂದು ಸಾಲು ಹೆಚ್ಚಿಗೆ ಬರೆಯುತ್ತೇನೆ: ‘ಒಮ್ಮೆ ರೀಬೂಟ್ ಮಾಡಿ ನೋಡಿದೆ.’ ಮಕ್ಕಳ ಶ್ರಮವನ್ನು ಯಂತ್ರಕ್ಕೆ ಒಪ್ಪಿಸುವ ಮುನ್ನ ಆ ಐದು ನಿಮಿಷ ನಮ್ಮ ಕರ್ತವ್ಯ.