ಕಲ್ಯಾಣದ ಕಪ್ಪುಗಲ್ಲು, ಕಡಲ ಸಾವಿನ ಲೆಕ್ಕ

ಠಾಣೆ ದಾಟಿ ದಿವಾ ಕಡೆಗೆ ಹೋಗುವ ರೈಲು ಹಳಿಗೆ ಪಾರ್ಸಿಕ್ ಗುಡ್ಡ ಅಡ್ಡ ನಿಂತಿದೆ. ಅದನ್ನು ಕೊರೆದು ಮಾಡಿದ 1.3 ಕಿಲೋಮೀಟರ್ ಉದ್ದದ ಸುರಂಗ 1916ರಲ್ಲಿ ಬಳಕೆಗೆ ಬಂತು. ಅಲ್ಲಿ ಕೊರೆದದ್ದು ಆರಿ ಗಟ್ಟಿಯಾದ ಲಾವಾವನ್ನು. ಮುಂಬ್ರಾ ದೇವಿಯ ಗುಡ್ಡ, ಕಲ್ಯಾಣದಾಚೆಯ ಮಲಂಗಗಡ, ಖಾರ್ಘರ್ ಬೆಟ್ಟ, ನವಿ ಮುಂಬಯಿ ವಿಮಾನ ನಿಲ್ದಾಣಕ್ಕಾಗಿ ಕಡಿದು ಸಮ ಮಾಡಿದ ಉಲ್ವೆ ಗುಡ್ಡ, ಎಲ್ಲವೂ ಅದೇ ಕುಲದ ಕಲ್ಲು. ಶಿಲಾಹಾರರ ಕಾಲದಲ್ಲಿ, 1060ರ ಸುಮಾರಿಗೆ ಕಟ್ಟಿದ ಅಂಬರನಾಥದ ಶಿವಾಲಯವೂ ಈ ಕಪ್ಪುಗಲ್ಲಿನದೇ. ವಿಜಯಪುರ, ಬೀದರ್, ಕಲಬುರಗಿ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ನೆಲೆ ನಿಂತ ಕನ್ನಡ ಕುಟುಂಬಗಳು ಊರು ಬಿಟ್ಟರೂ ಕಲ್ಲು ಬಿಟ್ಟಿಲ್ಲ. ಗೋಳಗುಮ್ಮಟದ ಗೋಡೆಯಲ್ಲಿರುವುದೂ ಇದೇ ಬಸಾಲ್ಟ್.

ಭೂವಿಜ್ಞಾನದಲ್ಲಿ ಇದಕ್ಕೆ ದಖ್ಖನ್ ಟ್ರ್ಯಾಪ್ ಎಂದು ಹೆಸರು. ಇಂದು ಉಳಿದಿರುವ ಭಾಗವೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ನೆಲದ ಬಿರುಕುಗಳಿಂದ ಉಕ್ಕಿದ ಲಾವಾ ಹರಿದು, ಆರಿ, ಅದರ ಮೇಲೆ ಮತ್ತೊಂದು ಹರಿವು ಬಂದು, ಹೀಗೆ ಪದರದ ಮೇಲೆ ಪದರ ಕೂತು ಸಹ್ಯಾದ್ರಿಯ ಈ ಭಾಗ ಎದ್ದು ನಿಂತಿದೆ. ಕಸಾರಾ ಘಾಟಿನಲ್ಲೋ ಮುರಬಾಡ ದಾರಿಯ ಮಾಳಶೇಜ್ ಘಾಟಿನಲ್ಲೋ ಮಳೆಗಾಲ ಮುಗಿದ ಮೇಲೆ ನೋಡಿದರೆ ಈ ಮೆಟ್ಟಿಲುಗಳು ಬರಿಗಣ್ಣಿಗೇ ಸ್ಪಷ್ಟ. ಘಟ್ಟದ ಕಲ್ಲಿನ ನಡುವೆ ಅಲ್ಲಲ್ಲಿ ಇಟ್ಟಿಗೆ ಬಣ್ಣದ ತೆಳು ಪಟ್ಟೆಗಳೂ ಕಾಣುತ್ತವೆ. ಒಂದು ಹರಿವು ನಿಂತು ಇನ್ನೊಂದು ಬರುವ ನಡುವೆ ಬಿಸಿಲು ಮಳೆಗೆ ಕೊಳೆತು ಮಣ್ಣಾದ ನೆಲ ಅದು. ಆ ಕೆಂಪು ಪಟ್ಟೆಗಳ ಮಾತು ಮುಂದೆ ಬರುತ್ತದೆ.

ಈ ಮಹಾ ಹರಿವು ನಡೆದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಡೈನೋಸಾರ್‌ಗಳು ಅಳಿದದ್ದೂ ಆಗಲೇ. ಆದರೆ ಆ ಅಳಿವಿನ ವಿವರವಾದ ದಾಖಲೆ ಇರುವುದು ನೆಲದಲ್ಲಲ್ಲ, ಕಡಲಿನ ಕೆಸರಿನಲ್ಲಿ. ಇಲ್ಲಿಯೇ ತೊಡಕು. ಠಾಣೆ ಜಿಲ್ಲೆಯ ಲಾವಾದಲ್ಲಿ ಕಡಲ ಜೀವಿಗಳಿಲ್ಲ. ಪಕ್ಕದ ಮುಂಬಯಿ ದ್ವೀಪದ ಪದರಗಳಲ್ಲಿ ಸಿಕ್ಕಿದ್ದು ಸಿಹಿನೀರಿನ ಪುಟ್ಟ ಕಪ್ಪೆಗಳು. 1847ರಲ್ಲಿ ರಿಚರ್ಡ್ ಓವನ್ ವರ್ಣಿಸಿದ ಆ ಕಪ್ಪೆಗಳು ಸುಂದರವಾದವು, ಆದರೆ ಸಮುದ್ರಕ್ಕೆ ಏನಾಯಿತು ಎಂಬುದಕ್ಕೆ ಅವು ಸಾಕ್ಷಿಯಾಗಲಾರವು. ಬೆಂಕಿ ಇಲ್ಲಿ, ಹೆಣಗಳು ಇನ್ನೆಲ್ಲೋ. ಎರಡನ್ನೂ ಒಂದೇ ಕಡತಕ್ಕೆ ತರಲು ಹೊರಟವರಲ್ಲಿ ಎಲ್ಲರಿಗಿಂತ ಹಟವಾದಿ ಗೆರ್ಟಾ ಕೆಲ್ಲರ್.

1945ರಲ್ಲಿ ಲಿಚ್ಟೆನ್‌ಸ್ಟೈನ್‌ನಲ್ಲಿ ಹುಟ್ಟಿ, ಸ್ವಿಟ್ಜರ್ಲೆಂಡಿನ ಬಡ ರೈತ ಕುಟುಂಬದಲ್ಲಿ ಒಡಹುಟ್ಟಿದವರ ದೊಡ್ಡ ಗುಂಪಿನ ನಡುವೆ ಬೆಳೆದ ಹುಡುಗಿ ಆಕೆ. ಹದಿಹರೆಯದಲ್ಲೇ ಹೊಲಿಗೆ ಕಲಿಯಲು ಸೇರಿದರು. ಆಮೇಲೆ ದೇಶ ಸುತ್ತಿದರು. ಸಿಡ್ನಿಯಲ್ಲಿ ಬ್ಯಾಂಕ್ ದರೋಡೆಕೋರನ ಗುಂಡು ತಗುಲಿ ಸಾವಿನ ಬಾಗಿಲಿಗೆ ಹೋಗಿ ಬಂದರು. ಅಮೆರಿಕಕ್ಕೆ ಬಂದ ಮೇಲೆ ಓದು ಮುಂದುವರಿಸಿ 1978ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಡಾಕ್ಟರೇಟ್ ಪಡೆದರು. 1984ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಸೇರಿ ಮುಂದೆ ದಶಕಗಟ್ಟಲೆ ಅಲ್ಲೇ ಪಾಠ ಮಾಡಿದರು.

ಕೆಲ್ಲರ್ ಆರಿಸಿಕೊಂಡ ಜೀವಿ ಫೊರಾಮಿನಿಫೆರಾ. ಒಂದೇ ಕೋಶದ, ಸುಣ್ಣದ ಚಿಪ್ಪು ಕಟ್ಟಿಕೊಳ್ಳುವ ಕಡಲ ಜೀವಿ. ನೀರಿನಲ್ಲಿ ತೇಲಾಡುವ ಬಗೆಗಳಂತೂ ಹೆಚ್ಚಾಗಿ ಸಾಸಿವೆಗಿಂತ ಸಣ್ಣವು. ಸತ್ತರೆ ಚಿಪ್ಪು ತಳಕ್ಕಿಳಿದು ಕೆಸರಿನಲ್ಲಿ ಉಳಿಯುತ್ತದೆ. ಡೈನೋಸಾರಿನ ಒಂದು ಮೂಳೆ ಸಿಗಲು ಜೀವಮಾನವೇ ಬೇಕಾದೀತು. ಇವು ಒಂದು ಹಿಡಿ ಜೇಡಿಕಲ್ಲಿನಲ್ಲಿ ಸಾವಿರಗಟ್ಟಲೆ ಇರಬಹುದು. ಅದಕ್ಕೇ ಇವುಗಳಿಂದ ಸೆಂಟಿಮೀಟರ್ ಸೆಂಟಿಮೀಟರಿಗೆ ಯಾರು ಇದ್ದರು, ಯಾರು ಹೋದರು ಎಂದು ಲೆಕ್ಕ ಹಾಕಬಹುದು. ಕೆಲಸ ಮಾತ್ರ ತಾಳ್ಮೆಯದು. ಕಲ್ಲನ್ನು ನೆನೆಸಿ, ಸಡಿಲಿಸಿ, ನವಿರು ಜರಡಿಯಲ್ಲಿ ತೊಳೆದು, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ತೇವದ ಕುಂಚದ ತುದಿಯಿಂದ ಒಂದೊಂದೇ ಚಿಪ್ಪನ್ನು ಎತ್ತಿ ಬೇರ್ಪಡಿಸಬೇಕು. ಉಳಿದವರು ಬಿಟ್ಟುಬಿಡುವ ಅತಿ ಸಣ್ಣ ಚಿಪ್ಪುಗಳನ್ನೂ ಕೆಲ್ಲರ್ ಎಣಿಸುತ್ತಿದ್ದರು. ಸಮುದ್ರ ಕೆಟ್ಟಾಗ ಬದುಕಿ ಹೆಚ್ಚುವುದು ಹೆಚ್ಚಾಗಿ ಆ ಕುಳ್ಳ ಜಾತಿಗಳೇ ಎಂಬುದು ಅವರ ಗಟ್ಟಿ ಅನುಭವ.

ಅವರು ಪ್ರಿನ್ಸ್‌ಟನ್ನಿಗೆ ಬಂದಾಗ ತೀರ್ಪು ಹೆಚ್ಚುಕಡಿಮೆ ಆಗಿಹೋಗಿತ್ತು. 1980ರಲ್ಲಿ ಲೂಯಿಸ್ ಮತ್ತು ವಾಲ್ಟರ್ ಆಲ್ವಾರೆಜ್, ಫ್ರಾಂಕ್ ಅಸಾರೊ ಮತ್ತು ಹೆಲೆನ್ ಮೈಕೆಲ್ ಅವರು ಇಟಲಿಯ ಗುಬ್ಬಿಯೋದ ತೆಳು ಜೇಡಿ ಪದರದಲ್ಲಿ ವಿಪರೀತ ಇರಿಡಿಯಂ ಕಂಡು, ಆಕಾಶದಿಂದ ಕ್ಷುದ್ರಗ್ರಹ ಬಿದ್ದಿತ್ತು ಎಂದು ಸಾರಿದ್ದರು. ಮುಂದೆ ಮೆಕ್ಸಿಕೋದ ಚಿಕ್ಷುಲೂಬ್‌ನಲ್ಲಿ ಸುಮಾರು 180 ಕಿಲೋಮೀಟರ್ ಅಗಲದ ಕುಳಿಯೂ ಗುರುತಿಗೆ ಬಂತು. ಆದರೆ ಟುನೀಶಿಯಾದ ಎಲ್ ಕೆಫ್‌ನ ಪದರಗಳಲ್ಲಿ ಕೆಲ್ಲರ್ ಕಂಡದ್ದು ಬೇರೆ. ಜಾತಿಗಳು ಒಂದೇ ಏಟಿಗೆ ಬಿದ್ದಿಲ್ಲ, ಅಳಿವನ್ನು ಗುರುತಿಸುವ ಪದರದ ಗೆರೆಗೆ ಮೊದಲೇ ನವೆಯುತ್ತ ಬಂದಿವೆ ಎಂದು ಅವರು ಓದಿದರು. ಹಾಗಿದ್ದರೆ ಬಹಳ ಕಾಲ ವಿಷ ಕಾರಿದ ಕಾರಣವೊಂದು ಬೇಕು. ದಖ್ಖನ್ ಲಾವಾ ಅಳಿವಿನ ಕಾಲಕ್ಕೆ ಹೊಂದುತ್ತದೆ ಎಂದು ಫ್ರಾನ್ಸಿನ ವಿನ್ಸೆಂಟ್ ಕೂರ್ತಿಯೋ ಮೊದಲಾದವರು 1986ರಲ್ಲೇ ಹೇಳಿದ್ದರು. ಬೇಕಾಗಿದ್ದದ್ದು ಲಾವಾ ಮತ್ತು ಕಡಲ ಚಿಪ್ಪು ಒಂದರ ಮೇಲೊಂದು ಕೂತಿರುವ ಜಾಗ.

ಅಂಥ ಜಾಗ ರಾಜಮಹೇಂದ್ರಿ. ಸಹ್ಯಾದ್ರಿಯ ಕಡೆಯಿಂದ ಲಾವಾ ಸಾವಿರ ಕಿಲೋಮೀಟರಿನಷ್ಟು ದೂರ ಹರಿದು ಗೋದಾವರಿ ಬಾಯಿಯ ಹತ್ತಿರ ಕಡಲು ಮುಟ್ಟಿದೆ. ಎರಡು ಹರಿವುಗಳ ನಡುವೆ ಸಮುದ್ರ ಬಿಟ್ಟುಹೋದ ಪದರವಿದೆ. ಅದನ್ನು ಮೊದಲು ಸೂಕ್ಷ್ಮದರ್ಶಕದಲ್ಲಿ ಗಂಭೀರವಾಗಿ ಓದಿದವರ ಹೆಸರುಗಳು ನಮ್ಮವು, ನಮಗೇ ಮರೆತುಹೋಗಿರುವವು. 1930ರ ದಶಕದಲ್ಲಿ ಎಸ್.ಆರ್. ನಾರಾಯಣ ರಾವ್ ಮತ್ತು ಕೆ. ಶ್ರೀಪಾದ ರಾವ್ ರಾಜಮಹೇಂದ್ರಿಯ ಪದರಗಳಿಂದ ಫೊರಾಮಿನಿಫೆರಾಗಳನ್ನು ವರ್ಣಿಸಿದರು. ಅದೇ ಕಾಲದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಎಲ್. ರಾಮರಾವ್, ವಿಯೆನ್ನಾದ ಜೂಲಿಯಸ್ ಪಿಯಾ ಜೊತೆ ತಿರುಚಿನಾಪಳ್ಳಿ ಪ್ರಾಂತದ ಪಳೆಯುಳಿಕೆ ಪಾಚಿಗಳ ಮೇಲೆ 1936ರಲ್ಲಿ ಗ್ರಂಥ ಬರೆದರು. ದಖ್ಖನ್ ಲಾವಾ ಅಳಿವಿಗೆ ಮುಂಚಿನ ಕ್ರಿಟೇಷಿಯಸ್ ಯುಗದ್ದೋ ಅದರ ನಂತರದ್ದೋ ಎಂಬ ಪ್ರಶ್ನೆಯನ್ನು ಪಳೆಯುಳಿಕೆ ಸಸ್ಯಗಳ ತಜ್ಞ ಬೀರಬಲ್ ಸಾಹನಿ 1934ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ನಲ್ಲೇ ಎತ್ತಿದ್ದರು. ಕ್ಷುದ್ರಗ್ರಹದ ಸುದ್ದಿಯೇ ಇಲ್ಲದ ಕಾಲದಲ್ಲಿ, ಎರಡು ಯುಗಗಳ ನಡುವಿನ ಆ ಗೆರೆ ಎಲ್ಲಿದೆ ಎಂದು ಇವರು ಪಾಚಿ, ಚಿಪ್ಪು, ಬೀಜಗಳನ್ನಿಟ್ಟು ವಾದಿಸುತ್ತಿದ್ದರು. ನಮ್ಮ ಪಠ್ಯಪುಸ್ತಕಗಳಲ್ಲಿ ಆಲ್ವಾರೆಜ್ ಹೆಸರಿಗಿರುವ ಜಾಗದ ಒಂದು ಮೂಲೆಯಾದರೂ ರಾಮರಾಯರಿಗೆ ಸಲ್ಲಬೇಕು.

ಸುಣ್ಣದ ಚಿಪ್ಪಿನ ಜೊತೆ ಎಣ್ಣೆಯ ನಂಟೂ ಇದೆ. ಕೊರೆದ ಬಾವಿಯಿಂದ ಬಂದ ಕಲ್ಲು ಯಾವ ವಯಸ್ಸಿನದೆಂದು ಹೇಳಲು ಎಣ್ಣೆ ಹುಡುಕುವವರು ಇವೇ ಚಿಪ್ಪುಗಳನ್ನು ನೋಡುತ್ತಾರೆ. ಕೃಷ್ಣಾ-ಗೋದಾವರಿ ಪ್ರದೇಶದಲ್ಲಿ ಒಎನ್‌ಜಿಸಿ ಕೊರೆದ ಬಾವಿಗಳ ಕಲ್ಲುಗಳೇ ಕೆಲ್ಲರ್ ಕೈಗೆ ಬಂದವು. ಸ್ವಿಟ್ಜರ್ಲೆಂಡಿನ ಥಿಯರಿ ಅದಾಟೆ, ಆಗ ರೂರ್ಕಿಯಲ್ಲಿದ್ದ ಸುನಿಲ್ ಬಾಜಪಾಯಿ ಮೊದಲಾದವರ ಜೊತೆ 2008ರಲ್ಲಿ ರಾಜಮಹೇಂದ್ರಿಯ ಕಲ್ಲುಗಣಿಗಳ ಫಲಿತಾಂಶ ಪ್ರಕಟಿಸಿದರು. ಕೆಳಗಿನ ಹರಿವುಗಳ ಮೇಲೆಯೇ ಅಳಿವಿನ ನಂತರದ ಮೊದಮೊದಲ ಚಿಪ್ಪುಗಳಿದ್ದವು. ಅಂದರೆ ಲಾವಾದ ಮುಖ್ಯ ಘಟ್ಟ ಮುಗಿದದ್ದು ಅಳಿವಿನ ಗೆರೆಯ ಹತ್ತಿರ. 2011ರಲ್ಲಿ ಬಾವಿಗಳ ವಿವರ ಬಂತು. ಹರಿವಿನ ಮೇಲೆ ಹರಿವು ಬಂದಂತೆ ಕಡಲ ಜಾತಿಗಳು ಕುಗ್ಗುತ್ತ ಹೋಗಿ ನಡುವೆ ಚೇತರಿಸಿಕೊಳ್ಳಲೇ ಇಲ್ಲ ಎಂಬುದು ಅದರ ಸಾರ. ಅದು ಅಚ್ಚಾದದ್ದು 1958ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ. ಆ ಪತ್ರಿಕೆಯನ್ನು ಮೊದಲ ವರ್ಷಗಳಲ್ಲಿ ಸಂಪಾದಿಸಿ ಬೆಳೆಸಿದವರು ಅದೇ ರಾಮರಾಯರು.

ಇನ್ನು ಆ ಕೆಂಪು ಪಟ್ಟೆಗಳು. ಲಾವಾದ ವಯಸ್ಸನ್ನು ಬಿಗಿಯಾಗಿ ಹೇಳುವುದು ಕಷ್ಟ, ಆದರೆ ಪಟ್ಟೆಗಳಲ್ಲಿ ಬಿದ್ದ ಬೂದಿಯಲ್ಲಿ ಜಿರ್ಕಾನ್ ಹರಳುಗಳಿರುತ್ತವೆ. ಹರಳಿನ ಯುರೇನಿಯಂ ಸೀಸವಾಗುವ ವೇಗ ಗೊತ್ತಿರುವುದರಿಂದ ಅದು ಗಡಿಯಾರವಾಗುತ್ತದೆ. ಕೆಲ್ಲರ್ ಅವರ ಸಹೋದ್ಯೋಗಿ ಬ್ಲೇರ್ ಶೋನ್ ಮತ್ತು ತಂಡ ಸಹ್ಯಾದ್ರಿಯಿಂದ ಇವನ್ನು ಆರಿಸಿ ತಂದು 2015ರಲ್ಲಿ ಲೆಕ್ಕ ಕೊಟ್ಟಿತು. ಮುಖ್ಯ ಘಟ್ಟ ಅಳಿವಿಗೆ ಸುಮಾರು 2.5 ಲಕ್ಷ ವರ್ಷ ಮೊದಲು ಶುರುವಾಗಿ, ಒಟ್ಟು 7.5 ಲಕ್ಷ ವರ್ಷದಲ್ಲಿ 11 ಲಕ್ಷ ಘನ ಕಿಲೋಮೀಟರಿಗೂ ಹೆಚ್ಚು ಲಾವಾ ಸುರಿದಿತ್ತು. 2019ರಲ್ಲಿ ಎರಡು ತಂಡಗಳ ಲೆಕ್ಕ ಒಟ್ಟಿಗೇ ಬಂದು ಒಂದಕ್ಕೊಂದು ಹೊಂದಲಿಲ್ಲ. ದೊಡ್ಡದೊಂದು ಅಲೆ ಅಳಿವಿಗೆ ಸ್ವಲ್ಪ ಮೊದಲೇ ಎದ್ದಿತ್ತು ಎಂದಿತು ಶೋನ್ ತಂಡ. ಆರ್ಗಾನ್ ವಿಧಾನ ಬಳಸಿದ ಕೋರ್ಟ್ನಿ ಸ್ಪ್ರೇನ್ ತಂಡಕ್ಕೆ ಹೆಚ್ಚಿನ ಲಾವಾ ಅಳಿವಿನ ನಂತರದ್ದಾಗಿ ಕಂಡಿತು.

ವಿಜ್ಞಾನಿಗಳ ಬಹುಮತ ಕೆಲ್ಲರ್ ಕಡೆಗಿಲ್ಲ. 2010ರಲ್ಲಿ 41 ಮಂದಿ ಒಟ್ಟಾಗಿ ಬರೆದು ಕ್ಷುದ್ರಗ್ರಹವೇ ಕಾರಣ ಎಂದರು. 2019ರಲ್ಲಿ ನೆದರ್ಲೆಂಡಿನ ಗುಹೆಯೊಂದರ ಚಿಪ್ಪುಗಳಿಂದ, ಬಡಿತದ ಬೆನ್ನಿಗೇ ಸಮುದ್ರದ ನೀರು ತಟ್ಟನೆ ಆಮ್ಲೀಯವಾದದ್ದು ಗೊತ್ತಾಯಿತು. ಲಾವಾದ ಅನಿಲದಿಂದ ಭೂಮಿ ಬಿಸಿಯಾಗಿದ್ದು ನಿಜ, ಆದರೆ ಅಳಿವಿಗೆ ಮೊದಲೇ ಆ ಬಿಸಿ ಇಳಿದಿತ್ತು ಎಂದು 2020ರಲ್ಲಿ ಪಿಂಚೆಲಿ ಹಲ್ ಮತ್ತು ಸಂಗಡಿಗರು ತೋರಿಸಿದರು. ಕುಳಿ ಬಿದ್ದದ್ದು ಅಳಿವಿಗೆ ಸುಮಾರು 3 ಲಕ್ಷ ವರ್ಷ ಮೊದಲು ಎಂಬ ಕೆಲ್ಲರ್ ವಾದವನ್ನು ನನಗೂ ಒಪ್ಪಲಾಗುವುದಿಲ್ಲ. ಸಾಕ್ಷ್ಯ ಅದರ ವಿರುದ್ಧವಿದೆ. ಆದರೂ ಅವರ ಹಟವಿಲ್ಲದೆ ಸಹ್ಯಾದ್ರಿಯ ಕೆಂಪು ಪಟ್ಟೆಗಳನ್ನು ಇಷ್ಟು ಬಿಗಿಯಾಗಿ ಕಾಲಕ್ಕೆ ಕಟ್ಟುವ ಕೆಲಸ ಇಷ್ಟು ಬೇಗ ಆಗುತ್ತಿರಲಿಲ್ಲ ಎಂಬುದೂ ಅಷ್ಟೇ ಸತ್ಯ. ಗುಂಪು ಒಂದು ಕಡೆ ವಾಲಿದಾಗ ಒಬ್ಬರು ಎದುರು ನಿಂತು ದಶಕಗಟ್ಟಲೆ ಕಲ್ಲು ತೊಳೆದು ಎಣಿಸುವುದು ಸಣ್ಣ ಸೇವೆಯಲ್ಲ.

ಉಳಿದಿರುವ ದೊಡ್ಡ ಪ್ರಶ್ನೆ ಅನಿಲದ್ದು. ಎಷ್ಟು ಗಂಧಕ, ಎಷ್ಟು ಇಂಗಾಲ, ಯಾವ ಹರಿವಿನಲ್ಲಿ, ಎಷ್ಟು ವರ್ಷಗಳ ಅಂತರದಲ್ಲಿ ಹೊರಬಿತ್ತು? ಕಡಲ ಕೆಸರಿನಲ್ಲಿ ಸಿಗುವ ಪಾದರಸ ಜ್ವಾಲಾಮುಖಿಯ ಗುರುತು; ಕೆಲ್ಲರ್ ತಮ್ಮ ಮುಂದಿನ ಕೆಲಸದಲ್ಲಿ ಟುನೀಶಿಯಾದ ಪದರಗಳಿಂದ ಅದನ್ನೇ ಅಳೆದರು. ಆ ಅಳತೆಯನ್ನು ಘಟ್ಟದ ಯಾವ ಹರಿವಿಗೆ ಜೋಡಿಸಬೇಕೆಂದು ತಿಳಿಯಲು ಕಸಾರಾ, ಮಾಳಶೇಜ್ ಕಡೆಗಳ ಹರಿವುಗಳಿಗೂ ಒಂದೊಂದಕ್ಕೆ ಬಿಗಿಯಾದ ವಯಸ್ಸು ಬೇಕು. ರಸ್ತೆ ಅಗಲಿಸುವಾಗ, ಗುಡ್ಡ ಕಡಿಯುವಾಗ ಹೊಸದಾಗಿ ತೆರೆದುಕೊಳ್ಳುವ ಕೆಂಪು ಪಟ್ಟೆಯನ್ನು ಸಿಮೆಂಟು ಬಳಿಯುವ ಮೊದಲು ಭೂವಿಜ್ಞಾನ ಓದುವ ಹುಡುಗ ಹುಡುಗಿಯರು ಚೀಲಕ್ಕೆ ತುಂಬಿ, ಜಾಗ ಗುರುತು ಹಾಕಿ ಇಟ್ಟರೆ ಬೂದಿಯ ಹರಳು ಹುಡುಕಲು ಅಷ್ಟು ಸಾಕು.