ಮನೆಯಲ್ಲಿ ಬೀಡಿ ಕಟ್ಟುವವರ ಧಣಿ ಯಾರು? ಸಂಬಳ, ಪಿ.ಎಫ್., ಗ್ರ್ಯಾಚುಟಿ ಬಗ್ಗೆ ತಿಳಿಯಬೇಕಾದ ವಿಚಾರಗಳು

ಮೈಸೂರು ನಗರದಲ್ಲಿ ಉದಯಗಿರಿಯ ಸಮೀಪ ಇರುವ ರಾಜೀವನಗರ ದುಡಿದು ತಿನ್ನುವವರ ಬಡಾವಣೆ. ಇಲ್ಲಿಯೂ ಆಸುಪಾಸಿನ ಗೌಸಿಯಾನಗರ, ಶಾಂತಿನಗರಗಳಲ್ಲಿಯೂ ಅನೇಕ ಮನೆಗಳ ಹೆಂಗಸರು ಬೀಡಿ ಸುತ್ತಿ, ಅಗರಬತ್ತಿ ಹೊಸೆದು ಸಂಸಾರಕ್ಕೆ ಆಧಾರವಾಗಿದ್ದಾರೆ. ನಮ್ಮ ಕರಾವಳಿಯವರಿಗೆ ಈ ಕೆಲಸ ಹೊಸತೇನಲ್ಲ.  ಬೀಡಿಯ ಸಂಪಾದನೆಯಿಂದಲೇ ಮಕ್ಕಳನ್ನು ಓದಿಸಿದ, ಹೆಣ್ಣುಮಕ್ಕಳ ಮದುವೆ ಮಾಡಿದ ತಾಯಂದಿರು ನಮ್ಮ ಪ್ರತಿ ವಾರ್ಡಿನಲ್ಲಿಯೂ ಇದ್ದಾರೆ.

ಹೀಗೆ ಮನೆಯ ಚಾವಡಿಯಲ್ಲಿ ಕುಳಿತು ಕೆಲಸ ಮಾಡುವವರಿಗೆ ಧಣಿ ಎಂಬವನು ಇದ್ದಾನೆಯೇ? ಅವರಿಗೆ ಪಿ.ಎಫ್., ಗ್ರ್ಯಾಚುಟಿ, ಹೆರಿಗೆ ಸೌಲಭ್ಯ ಸಿಗುತ್ತದೆಯೇ? ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿ ತೀರ್ಮಾನವಾಗಿದೆ. ಆ ತೀರ್ಮಾನ ಬೀಡಿಯವರಿಗೆ ಮಾತ್ರವಲ್ಲ, ಶಾಲೆ, ಹಾಸ್ಟೆಲು, ಅಂಗಡಿ ನಡೆಸುತ್ತಾ ನಾಲ್ಕು ಜನರಿಗೆ ಸಂಬಳ ಕೊಡುವ ಎಲ್ಲರಿಗೂ ಪಾಠವಾಗಿದೆ.

ಕಾನೂನು ಬಂದ ದಾರಿ

ಹಿಂದೆ ಬೀಡಿ ಕಂಪೆನಿಗಳು ಎಲೆ ಮತ್ತು ಹೊಗೆಸೊಪ್ಪನ್ನು ಗುತ್ತಿಗೆದಾರನಿಗೆ ಕೊಡುತ್ತಿದ್ದವು. ಅವನು ಮನೆ ಮನೆಗೆ ಹಂಚಿ, ಕಟ್ಟಿದ ಬೀಡಿಯನ್ನು ಕಂಪೆನಿಗೆ ತಲುಪಿಸುತ್ತಿದ್ದ. ಕಾರ್ಮಿಕರು ಕಂಪೆನಿಯನ್ನು ಕೇಳಿದರೆ 'ಗುತ್ತಿಗೆದಾರನನ್ನು ಕೇಳಿ' ಎಂಬ ಉತ್ತರ ಬರುತ್ತಿತ್ತು. ಗುತ್ತಿಗೆದಾರನನ್ನು ಕೇಳಿದರೆ 'ನಾನು ಬರೀ ತಂದುಕೊಡುವವನು' ಎನ್ನುತ್ತಿದ್ದ.

ಇದನ್ನು ಸರಿಪಡಿಸಲು ಸಂಸತ್ತು 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯನ್ನು ಮಾಡಿತು. ಕಚ್ಚಾ ಸಾಮಗ್ರಿ ಪಡೆದು ಮನೆಯಲ್ಲಿ ಬೀಡಿ ಕಟ್ಟುವವರೂ 'ನೌಕರರು' ಎಂದು ಆ ಕಾಯಿದೆ ಸ್ಪಷ್ಟವಾಗಿ ಹೇಳಿತು. ಗುತ್ತಿಗೆದಾರ ನಡುವೆ ಇದ್ದರೂ ಮೂಲ ಧಣಿಯ ಜವಾಬ್ದಾರಿ ತಪ್ಪುವುದಿಲ್ಲ ಎಂದಿತು. ಬೀಡಿ ತಯಾರಕರು ಇದನ್ನು ಪ್ರಶ್ನಿಸಿದರು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಹೆಸರಿನಿಂದ ಕರೆಯಲ್ಪಡುವ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು.

1977ರಲ್ಲಿ ಭವಿಷ್ಯ ನಿಧಿ, ಅಂದರೆ ಪಿ.ಎಫ್. ಕಾಯಿದೆಯನ್ನು ಬೀಡಿ ಉದ್ಯಮಕ್ಕೆ ವಿಸ್ತರಿಸಲಾಯಿತು. ಆಗ ಮತ್ತೆ ತಕರಾರು ಎದ್ದಿತು. ಮನೆಯಲ್ಲಿ ಕುಳಿತವರ ಮೇಲೆ ನಮಗೆ ಹಿಡಿತವಿಲ್ಲ, ಅವರು ಯಾವಾಗ ಬೇಕಾದರೂ ಕೆಲಸ ಮಾಡುತ್ತಾರೆ, ಮನೆಯವರೂ ಕೈಗೂಡಿಸುತ್ತಾರೆ, ಹೀಗಿರುವಾಗ ಅವರು ನಮ್ಮ ನೌಕರರು ಹೇಗಾಗುತ್ತಾರೆ ಎಂಬುದು ತಯಾರಕರ ವಾದವಾಗಿತ್ತು. 1985ರಲ್ಲಿ ಪಿ.ಎಂ. ಪಟೇಲ್ ಅಂಡ್ ಸನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಉತ್ತರಿಸಿತು. ಎಲೆ, ಹೊಗೆಸೊಪ್ಪು ಕೊಡುವವನು ಧಣಿ. ಕಟ್ಟಿದ ಬೀಡಿ ಸರಿಯಿಲ್ಲವೆಂದು ತಿರಸ್ಕರಿಸುವ ಅಧಿಕಾರವೂ ಅವನ ಕೈಯಲ್ಲಿದೆ. ಆ ಅಧಿಕಾರವೇ ಹಿಡಿತಕ್ಕೆ ಸಾಕ್ಷಿ. ಆದ್ದರಿಂದ ಮನೆಯಲ್ಲಿ ಕಟ್ಟುವವರೂ ಪಿ.ಎಫ್.ಗೆ ಅರ್ಹರು ಎಂದು ತೀರ್ಪಾಯಿತು.

2025ರ ನವೆಂಬರ್ 21ರಂದು ಕೇಂದ್ರ ಸರಕಾರ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಇದರೊಂದಿಗೆ 1966ರ ಬೀಡಿ ಕಾಯಿದೆ ಸೇರಿದಂತೆ 29 ಹಳೆಯ ಕಾಯಿದೆಗಳ ಜಾಗವನ್ನು ಸಂಹಿತೆಗಳು ತುಂಬಿವೆ. ಬೀಡಿ ಕೆಲಸಕ್ಕೆ ಸಂಬಂಧಿಸಿದ ವಿಶೇಷ ನಿಯಮಗಳು ಹೊಸ ಸಂಹಿತೆಯಲ್ಲಿಯೂ ಉಳಿದಿವೆ. ಮನೆಯಲ್ಲಿದ್ದುಕೊಂಡು ಇನ್ನೊಬ್ಬರಿಗಾಗಿ ದುಡಿಯುವವರಿಗೆ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಪ್ರತ್ಯೇಕ ವ್ಯಾಖ್ಯೆಯೇ ಇದೆ.

ಹೊರದೇಶಗಳಲ್ಲಿಯೂ ಈ ಪ್ರಶ್ನೆ ಇದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ ಮನೆಗೆಲಸ ಒಪ್ಪಂದ, ಅಂದರೆ ಮನೆಯಲ್ಲಿದ್ದುಕೊಂಡು ಧಣಿಗಾಗಿ ಮಾಡುವ ಕೆಲಸದ ಬಗೆಗಿನ 177ನೇ ಒಪ್ಪಂದವನ್ನು ಅಂಗೀಕರಿಸಿತು. ಯುರೋಪಿನಲ್ಲಿ ಫಿನ್ಲೆಂಡ್ ಮತ್ತು ಐರ್ಲೆಂಡ್ ಇದನ್ನು ಮೊದಲಿಗೆ ಸ್ಥಿರೀಕರಿಸಿದವು. ಭಾರತ ಇದನ್ನು ಸ್ಥಿರೀಕರಿಸಿಲ್ಲವಾದರೂ ಬೀಡಿ ಕಾರ್ಮಿಕರ ವಿಷಯದಲ್ಲಿ ನಮ್ಮ ದೇಶದ ಕಾನೂನು ಅದಕ್ಕಿಂತ ಮೂರು ದಶಕ ಮೊದಲೇ ಬಂದಿತ್ತು.

ಪಿ.ಎಫ್. ಲೆಕ್ಕ ಹೇಗೆ?

ಸಾಮಾನ್ಯವಾಗಿ 20 ಅಥವಾ ಹೆಚ್ಚು ಜನರಿರುವ ಸಂಸ್ಥೆಗೆ ಪಿ.ಎಫ್. ಅನ್ವಯಿಸುತ್ತದೆ. ಈ ಲೆಕ್ಕದಲ್ಲಿ ಮನೆಯಲ್ಲಿ ಕಟ್ಟುವವರನ್ನೂ ಸೇರಿಸಬೇಕು. ಹೆಚ್ಚಿನ ಸಂಸ್ಥೆಗಳಲ್ಲಿ ವಂತಿಗೆ ಶೇಕಡಾ 12, ಬೀಡಿ ಉದ್ಯಮದಲ್ಲಿ ಶೇಕಡಾ 10. ಕಾರ್ಮಿಕರು ಎಷ್ಟು ಕಟ್ಟುತ್ತಾರೋ ಧಣಿಯೂ ಅಷ್ಟೇ ಕಟ್ಟಬೇಕು.

ಒಂದು ಉದಾಹರಣೆ ನೋಡೋಣ. ಒಬ್ಬರ ತಿಂಗಳ ಬೀಡಿ ಮಜೂರಿ 8,000 ರೂಪಾಯಿ ಎಂದಿಟ್ಟುಕೊಳ್ಳಿ. ಅವರಿಂದ 800 ರೂಪಾಯಿ ಕಡಿತವಾಗುತ್ತದೆ. ಧಣಿ ತನ್ನ ಪಾಲು 800 ರೂಪಾಯಿ ಸೇರಿಸುತ್ತಾನೆ. ಧಣಿಯ ಪಾಲಿನಲ್ಲಿ ಮಜೂರಿಯ ಶೇಕಡಾ 8.33, ಅಂದರೆ 666 ರೂಪಾಯಿ ಪಿಂಚಣಿ ನಿಧಿಗೆ ಹೋಗುತ್ತದೆ. ಉಳಿದ 134 ರೂಪಾಯಿ ಮತ್ತು ಕಾರ್ಮಿಕರ 800 ರೂಪಾಯಿ ಸೇರಿ 934 ರೂಪಾಯಿ ಪಿ.ಎಫ್. ಖಾತೆಗೆ ಜಮೆಯಾಗುತ್ತದೆ.

ಧಣಿಯ ಪಾಲನ್ನು ಕಾರ್ಮಿಕರ ಮಜೂರಿಯಿಂದ ಮುರಿಯುವಂತಿಲ್ಲ. ತಿಂಗಳು ಮುಗಿದ 15 ದಿನಗಳೊಳಗೆ ಹಣ ಕಟ್ಟಬೇಕು. ಮುರಿದುಕೊಂಡ ಹಣವನ್ನು ಕಟ್ಟದೆ ಇರುವುದು ಅಪರಾಧ.

ಪಿಂಚಣಿಗೆ ಕನಿಷ್ಠ 10 ವರ್ಷಗಳ ಸೇವೆ ಬೇಕು. 58 ವರ್ಷ ತುಂಬಿದಾಗ ಪೂರ್ಣ ಪಿಂಚಣಿ ಆರಂಭವಾಗುತ್ತದೆ. ಇಲ್ಲಿ ಅನೇಕರು ತಪ್ಪು ಮಾಡುತ್ತಾರೆ. ಬ್ರಾಂಚು ಮುಚ್ಚಿದಾಗ ಅಥವಾ ಕಂಪೆನಿ ಬದಲಿಸಿದಾಗ ಪಿಂಚಣಿ ಹಣವನ್ನೂ ತೆಗೆದುಬಿಡುತ್ತಾರೆ. ಆಗ ಹಿಂದಿನ ಸೇವೆ ಅಳಿಸಿಹೋಗುತ್ತದೆ. ಅದರ ಬದಲು 'ಸ್ಕೀಮ್ ಸರ್ಟಿಫಿಕೇಟ್' ಪಡೆದರೆ ಹಳೆಯ ವರ್ಷಗಳು ಮುಂದಿನ ಸೇವೆಗೆ ಸೇರುತ್ತವೆ.

ಪುಸ್ತಕದಲ್ಲಿ ಯಾರ ಹೆಸರು?

ದೊಡ್ಡ ನಷ್ಟವಾಗುವುದು ಇಲ್ಲಿಯೇ. ಒಂದೇ ಬೀಡಿ ಪುಸ್ತಕದಲ್ಲಿ ತಾಯಿ, ಮಗಳು, ಸೊಸೆ ಮೂವರೂ ಕಟ್ಟುತ್ತಾರೆ. ಪುಸ್ತಕ ಇರುವುದು ತಾಯಿಯ ಹೆಸರಿನಲ್ಲಿ. ಕಾನೂನಿನ ಕಣ್ಣಿಗೆ ಕಾಣುವುದು ತಾಯಿ ಮಾತ್ರ. 20 ವರ್ಷ ಬೆರಳು ಸವೆಸಿದ ಸೊಸೆಗೆ ಪಿ.ಎಫ್. ಇಲ್ಲ, ಪಿಂಚಣಿ ಇಲ್ಲ, ಹೆರಿಗೆ ಸೌಲಭ್ಯವೂ ಇಲ್ಲ. ಆದ್ದರಿಂದ ನಿಯಮಿತವಾಗಿ ಕಟ್ಟುವ ಪ್ರತಿಯೊಬ್ಬರೂ ತಮ್ಮದೇ ಹೆಸರಿನಲ್ಲಿ ಪುಸ್ತಕ ಕೇಳಿ ಪಡೆಯಬೇಕು.

ಹೆಸರಿನ ಅಕ್ಷರವನ್ನೂ ನೋಡಿಕೊಳ್ಳಿ. ಆಧಾರದಲ್ಲಿ ಒಂದು ಹೆಸರು, ಬೀಡಿ ಪುಸ್ತಕದಲ್ಲಿ ಮನೆಯಲ್ಲಿ ಕರೆಯುವ ಹೆಸರು ಇದ್ದರೆ ಹಣ ಪಡೆಯುವಾಗ ಅಲೆದಾಡಬೇಕಾಗುತ್ತದೆ. ಕೆಲಸದಲ್ಲಿರುವಾಗಲೇ ತಿದ್ದಿಸುವುದು ಸುಲಭ. ಮದುವೆಗೆ ಮುಂಚೆ ಮಾಡಿದ ನಾಮನಿರ್ದೇಶನ ಮದುವೆಯ ನಂತರ ಊರ್ಜಿತವಲ್ಲ, ಹೊಸದಾಗಿ ಮಾಡಬೇಕು ಎಂಬುದೂ ನೆನಪಿರಲಿ.

ಗ್ರ್ಯಾಚುಟಿ

ಸತತ ಐದು ವರ್ಷ ದುಡಿದು ಕೆಲಸ ಬಿಟ್ಟವರಿಗೆ ಪ್ರತಿ ವರ್ಷದ ಸೇವೆಗೆ 15 ದಿನಗಳ ಸಂಬಳದಂತೆ ಗ್ರ್ಯಾಚುಟಿ ಸಲ್ಲಬೇಕು. ಮರಣ ಅಥವಾ ಅಂಗವೈಕಲ್ಯ ಉಂಟಾದರೆ ಐದು ವರ್ಷದ ಷರತ್ತು ಇಲ್ಲ. ಬೀಡಿಯಂತೆ ಎಣಿಕೆಯ ಮೇಲೆ ಮಜೂರಿ ಪಡೆಯುವವರಿಗೆ ಕೊನೆಯ ಮೂರು ತಿಂಗಳ ಸಂಪಾದನೆಯಿಂದ ದಿನದ ಸರಾಸರಿ ತೆಗೆಯುತ್ತಾರೆ. ಸರಾಸರಿ 300 ರೂಪಾಯಿ, ಸೇವೆ 20 ವರ್ಷ ಎಂದಾದರೆ 300 ಗುಣಿಸು 15, ಅಂದರೆ ವರ್ಷಕ್ಕೆ 4,500 ರೂಪಾಯಿ. ಒಟ್ಟು 90,000 ರೂಪಾಯಿ. ತಿಂಗಳ ಸಂಬಳದವರಿಗೆ ಸಂಬಳವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು. 13,000 ರೂಪಾಯಿ ಸಂಬಳಕ್ಕೆ ವರ್ಷಕ್ಕೆ 7,500 ರೂಪಾಯಿ ಆಗುತ್ತದೆ.

ನಮ್ಮ ಸಂಸ್ಥೆಗಳ ಮಾತೇನು?

ಬೀಡಿ ಕಂಪೆನಿಗೆ ಒಂದು ನ್ಯಾಯ, ನಮಗೊಂದು ನ್ಯಾಯ ಇರಲಾರದು. ಶಾಲೆ, ಆಸ್ಪತ್ರೆ, ಹಾಸ್ಟೆಲು ನಡೆಸುವ ಆಡಳಿತ ಮಂಡಳಿಗಳು ಈ ಕೆಳಗಿನ ವಿಚಾರಗಳನ್ನು ಗಮನಿಸುವುದು ಒಳಿತು.

1. ಖಾಸಗಿ ಶಾಲೆಗಳ ಶಿಕ್ಷಕರಿಗೂ ಗ್ರ್ಯಾಚುಟಿ ಸಲ್ಲುತ್ತದೆ. 2009ರ ತಿದ್ದುಪಡಿ ಇದನ್ನು 1997ರ ಏಪ್ರಿಲ್ 3ರಿಂದಲೇ ಅನ್ವಯಿಸಿತು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಈ ತಿದ್ದುಪಡಿಯನ್ನು ಎತ್ತಿಹಿಡಿದಿದೆ.

2. ಹೊಸ ಸಂಹಿತೆಯಂತೆ ನಿಗದಿತ ಅವಧಿಗೆ ನೇಮಕವಾದವರು ಒಂದು ವರ್ಷ ಪೂರೈಸಿದರೆ ಸೇವೆಗೆ ತಕ್ಕಂತೆ ಗ್ರ್ಯಾಚುಟಿ ಪಡೆಯುತ್ತಾರೆ.

3. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೊಡಬೇಕು. ಕೆಲಸ ಬಿಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕು. ಸಂಬಳದ ಚೀಟಿ ಕೊಡಬೇಕು.

4. ಮೂಲವೇತನವನ್ನು ಚಿಕ್ಕದಾಗಿಟ್ಟು ಭತ್ಯೆಗಳನ್ನು ದೊಡ್ಡದು ಮಾಡಿ ಪಿ.ಎಫ್. ಕಡಿಮೆ ಮಾಡುವ ರೂಢಿ ಇನ್ನು ನಡೆಯದು. ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದ ಭಾಗ ವೇತನಕ್ಕೇ ಸೇರುತ್ತದೆ.

5. ಇ.ಎಸ್.ಐ. ಅನ್ವಯವಾಗುವ ಸಂಸ್ಥೆಗಳಲ್ಲಿ ನೌಕರರ ಪಾಲು ಶೇಕಡಾ 0.75, ಧಣಿಯ ಪಾಲು ಶೇಕಡಾ 3.25. ಕಾಯಿಲೆ ಬಿದ್ದಾಗ ಇದರ ಬೆಲೆ ತಿಳಿಯುತ್ತದೆ.

6. ಗುತ್ತಿಗೆಯ ಮೂಲಕ ಬಂದ ಅಡುಗೆಯವರು, ಕಾವಲುಗಾರರು, ಸ್ವಚ್ಛತೆಯವರ ಸಂಬಳವನ್ನು ಗುತ್ತಿಗೆದಾರ ಕೊಡದಿದ್ದರೆ ಸಂಸ್ಥೆಯೇ ಹೊಣೆ. 'ಅವರು ನಮ್ಮ ಕೆಲಸದವರಲ್ಲ' ಎಂಬ ಉತ್ತರ 1974ರಲ್ಲೇ ನ್ಯಾಯಾಲಯದಲ್ಲಿ ಸೋತಿದೆ.

ಎಲ್ಲಿ ವಿಚಾರಿಸಬೇಕು?

ರಾಜೀವನಗರದವರಿಗೆ ಒಂದು ಅನುಕೂಲವಿದೆ. ಭವಿಷ್ಯ ನಿಧಿಯ ಮೈಸೂರು ಪ್ರಾದೇಶಿಕ ಕಚೇರಿ ಹತ್ತಿರದ ಗಾಯತ್ರಿಪುರಂನಲ್ಲಿಯೇ ಇದೆ. ಬೀಡಿ ಕಾರ್ಮಿಕರಿಗಾಗಿ ಕೇಂದ್ರ ಕಾರ್ಮಿಕ ಕಲ್ಯಾಣ ಸಂಘಟನೆಯ ಆಸ್ಪತ್ರೆಯೂ ಮೈಸೂರಿನಲ್ಲಿದೆ. ಕರಾವಳಿಯವರು ಮಂಗಳೂರಿನ ಭವಿಷ್ಯ ನಿಧಿ ಕಚೇರಿಯಲ್ಲಿ ವಿಚಾರಿಸಬಹುದು. ಪಿ.ಎಫ್. ಇಲ್ಲದೆ ಅಗರಬತ್ತಿ ಹೊಸೆಯುವವರು, ಮನೆಕೆಲಸದವರು 2021ರಲ್ಲಿ ಆರಂಭವಾದ ಇ-ಶ್ರಮ್ ನೋಂದಣಿ ಮಾಡಿಸಿಕೊಳ್ಳಬಹುದು. ಇದು ಪಿ.ಎಫ್.ಗೆ ಸಮನಲ್ಲ, ಆದರೆ ಸರಕಾರದ ದಾಖಲೆಯಲ್ಲಿ ಹೆಸರು ಇರುತ್ತದೆ.

ಪಾಲನಾ ಮಂಡಳಿಯವರು, ವಾರ್ಡಿನ ಗುರಿಕಾರರು ಒಂದು ಭಾನುವಾರ ಪೂಜೆಯ ನಂತರ ಅರ್ಧ ಗಂಟೆ ಮೀಸಲಿಟ್ಟು ಬೀಡಿ ಕಟ್ಟುವ ತಾಯಂದಿರ ಪುಸ್ತಕ, ಆಧಾರ, ಪಿ.ಎಫ್. ಸಂಖ್ಯೆ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಅನೇಕ ಮನೆಗಳ ತೊಂದರೆ ತಪ್ಪೀತು. ಹಾಗೆಯೇ ನಮ್ಮ ಶಾಲೆ, ಚರ್ಚುಗಳ ಹಾಜರಿ ಪುಸ್ತಕವನ್ನೂ ಒಮ್ಮೆ ತೆರೆದು ನೋಡೋಣ. ದಿನವೂ ಬಂದು ದುಡಿಯುವ ಯಾರ ಹೆಸರಾದರೂ ಅದರಲ್ಲಿ ಇಲ್ಲದಿದ್ದರೆ, ಬರೆಯುವ ಕೆಲಸ ನಮ್ಮಿಂದಲೇ ಆರಂಭವಾಗಲಿ.