ಕೃಷ್ಣೆಯ ದಡದಲ್ಲಿ ಕಲ್ಲಿಗಿಳಿದ ಸಪ್ತರ್ಷಿಗಳು!

ಮಿಯಾಪುರದ ಕನ್ನಡಿಗರೇ, ನಿಮಗೊಂದು ಸವಾಲು. ರಾಯಚೂರಿಗೆ ಎಷ್ಟು ಸಲ ಹೋಗಿಬಂದಿದ್ದೀರಿ? ಕೃಷ್ಣಾ ನದಿ ದಾಟುವ ಮುಂಚೆ, ಹೊಲಗಳ ನಡುವೆ ನಕ್ಷತ್ರವನ್ನು ಹೊತ್ತು ನಿಂತ ಕಲ್ಲೊಂದಿದೆ. ನೋಡಿದ್ದೀರಾ?

ಊರು ಮುಡುಮಾಲ. ನಾರಾಯಣಪೇಟೆ ಜಿಲ್ಲೆ. ಅಬ್ಬಾ, ಎಂಥ ಕಲ್ಲುಗಳು! ಕೆಲವು 14 ಅಡಿ ಎತ್ತರ! ಇಂಥವು ಸುಮಾರು 80! ಸುತ್ತಲೂ ಸಾಲುಗಟ್ಟಿದ ಚಿಕ್ಕ ಕಲ್ಲುಗಳು ಸಾವಿರಾರು! ಒಂದು ಕಲ್ಲಂತೂ ಊರವರಿಗೆ ಸಾಕ್ಷಾತ್ ಎಲ್ಲಮ್ಮ.

ವಯಸ್ಸೆಷ್ಟು, ಹೇಳಿ ನೋಡೋಣ? ಹಂಪಿಯ ಕಾಲ? ಹಿಂದೆ ಹೋಗಿ. ಬಾದಾಮಿ ಚಾಲುಕ್ಯರು? ಇನ್ನೂ ಹಿಂದೆ. ಅಶೋಕ? ಅವನಿಗಿಂತಲೂ ಹಿಂದೆ! 3,000 ವರ್ಷ ದಾಟಿದೆ!

ಈಗ ನಕ್ಷತ್ರ ಹೊತ್ತ ಆ ಚೌಕ ಕಲ್ಲಿನ ಹತ್ತಿರ ಬನ್ನಿ. ಮೈಮೇಲೆ ಪುಟ್ಟ ಪುಟ್ಟ ಕುಳಿಗಳು, ಸುಮಾರು 30. ಏಳನ್ನು ಕಣ್ಣಲ್ಲೇ ಜೋಡಿಸಿ. ಸಪ್ತರ್ಷಿ ಮಂಡಲ! ಮಿಕ್ಕವು? ಸುತ್ತಲಿನ ಮಂಕು ಚುಕ್ಕಿಗಳು! ಅವನ್ನೂ ಬಿಟ್ಟಿಲ್ಲ! ಎಂಥ ಕಣ್ಣು, ಎಂಥ ತಾಳ್ಮೆ! ಇದನ್ನು ಗುರುತಿಸಿದವರು ನಿಮ್ಮ ಪಕ್ಕದ ಗಚ್ಚಿಬೌಲಿಯಲ್ಲಿರುವ ಹೈದರಾಬಾದ್ ವಿಶ್ವವಿದ್ಯಾಲಯದ ಪ್ರೊ. ಕೆ.ಪಿ. ರಾವ್.

ಸಪ್ತರ್ಷಿಗಳ ಮೊದಲೆರಡು ಚುಕ್ಕಿಗಳಿಂದ ಗೆರೆ ಎಳೆಯಿರಿ. ನೇರ ಧ್ರುವ ನಕ್ಷತ್ರಕ್ಕೆ! ಆ ಧ್ರುವವನ್ನೇ ನಂಬಿ ನಾವಿಕರು ಅರಬ್ಬಿ ಸಮುದ್ರ ದಾಟಿದರು. ಕೈಯಲ್ಲಿ ಏನಿತ್ತು ಗೊತ್ತೇ? ಒಂದು ಮರದ ತುಂಡು, ಗಂಟು ಹಾಕಿದ ಒಂದು ದಾರ! ಹೆಸರು ಕಮಾಲ್. ದಾರ ಹಲ್ಲಲ್ಲಿ ಕಚ್ಚಿ, ತುಂಡಿನ ಕೆಳಗಂಚು ದಿಗಂತಕ್ಕೆ, ಮೇಲಂಚು ಧ್ರುವಕ್ಕೆ. ಯಾವ ಗಂಟಿಗೆ ಕೂಡಿತೋ ಅದೇ ದಡದ ಗುರುತು!

ಇವತ್ತು ರಾತ್ರಿಯೇ ಟೆರೇಸಿಗೆ ಹತ್ತಿ. ಉತ್ತರಕ್ಕೆ ಕೈ ಚಾಚಿ ಮುಷ್ಟಿ ಹಿಡಿಯಿರಿ. ಒಂದು ಮುಷ್ಟಿ ಸುಮಾರು 10 ಡಿಗ್ರಿ. ದಿಗಂತದಿಂದ ಒಂದೂಮುಕ್ಕಾಲು ಮುಷ್ಟಿ ಮೇಲೆ ಧ್ರುವ! ಇನ್ನೂ ದಕ್ಷಿಣದ ಮಂಗಳೂರಿನಲ್ಲಾದರೆ ಒಂದೂಕಾಲು ಚಿಲ್ಲರೆ. ಮುಷ್ಟಿಯಳತೆಯಲ್ಲೇ ಊರಿನ ಅಕ್ಷಾಂಶ ಸಿಕ್ಕಿತು!

ಬಾನನ್ನು ಬಿಡಿಸುವ ಕೈ ಇಂದಿಗೂ ನಿಂತಿಲ್ಲ. ಆಸ್ಟ್ರೇಲಿಯಾದ ಯೊಲ್ಂಗು ಮೂಲನಿವಾಸಿ ಕಲಾವಿದೆ ನಮಿನಾಪು ಮೇಮುರು-ವೈಟ್ ಮರದ ತೊಗಟೆಯ ಮೇಲೆ ಆಕಾಶಗಂಗೆಯನ್ನು ಹರಿಸುತ್ತಾರೆ. ಅವರ ಜನಕ್ಕೆ ನೆಲದ ನದಿಯೂ ಬಾನಿನ ನದಿಯೂ ಒಂದೇ, ಚುಕ್ಕಿಗಳು ಪೂರ್ವಜರು! 2024ರ ವೆನಿಸ್ ಬಿನಾಲೆ ಕಲಾ ಪ್ರದರ್ಶನದಲ್ಲಿ ಜಗತ್ತು ಅವರ ಚಿತ್ರಗಳನ್ನು ಕಂಡಿತು.

ಮುಡುಮಾಲವೂ 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಹೊರಡಿ! ರೈಲಾದರೆ ಕೃಷ್ಣಾ ಸ್ಟೇಷನ್ನಿನಲ್ಲಿ ಇಳಿಯಿರಿ. ಸಾಧ್ಯವಾದರೆ ಡಿಸೆಂಬರ್ 21ರ ಮುಂಜಾನೆಗೇ ಹೋಗಿ: ಆ ಕಲ್ಲಿನ ಸಾಲುಗಳಲ್ಲಿ ಕೆಲವು ಅಯನದ ದಿನದ ಸೂರ್ಯನ ದಿಕ್ಕಿಗೇ ನೆಟ್ಟಿವೆ!